ಡಚ್ಚರ ನಾಡಿನಲ್ಲಿ ಮಗಳ ಸಂಸಾರ

ನಮ್ಮ ಮಗಳೂ ಅಳಿಯನೂ ಮೂರು ವರ್ಷದ ಕೂಸನ್ನು ಎತ್ತಿಕೊಂಡು ನೆದರ್ಲೆಂಡ್ಸ್ ದೇಶಕ್ಕೆ ಹೊರಟುಹೋದ ವಾರದಲ್ಲಿ, ನೆರೆಮನೆಯ ಮುದುಕಿಯೊಬ್ಬಳು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತು, "ಮಾಸ್ತರ್ರೇ, ನಿಮ್ಮ ಮಗಳು ಭೀ ಗುಳೇ ಹೋದ್ಳೇನ್ರಿ?" ಎಂದು ಕೇಳಿದಳು. ಇದು ೨೦೨೧ನೆಯ ಇಸವಿಯ ಮಾತು. ಆ ಪ್ರಶ್ನೆಯನ್ನು ಕೇಳಿ ನಮಗೆ ಮೊದಲು ನಗು ಬಂದಿತು. ರಾತ್ರಿ ಮಲಗಿದ ಮೇಲೆ ಬರಲಿಲ್ಲ.

ಗುಳೆಯೆಂದರೇನೆಂಬುದನ್ನು ನಮ್ಮ ಸುರಪುರ ಶಹಾಪುರಗಳ ಸೀಮೆಯವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಸುಗ್ಗಿಯು ತೀರಿದೊಡನೆ ಗಂಟುಮೂಟೆಗಳನ್ನು ಕಟ್ಟಿ, ಮುದುಕರನ್ನು ಮನೆ ಕಾಯಲು ಬಿಟ್ಟು, ಬೆಂಗಳೂರು, ಪುಣೆ, ಮುಂಬಯಿಗಳಿಗೆ ಕಟ್ಟಡದ ಕೆಲಸಕ್ಕೆಂದು ಹೋಗುವ ಸಂಸಾರಗಳನ್ನು ನಾವು ಮೂವತ್ತು ವರ್ಷಗಳ ಕಾಲ ಶಾಲೆಯ ಕಿಟಕಿಯಿಂದ ನೋಡಿದವರು. ಹಾಜರಿಪುಸ್ತಕದಲ್ಲಿ ಒಂದೊಂದಾಗಿ ಹೆಸರುಗಳು ಬರಿದಾಗುತ್ತ ಹೋಗುವುದು ಆ ತಿಂಗಳುಗಳಲ್ಲಿಯೇ. ಲಾರಿಯನ್ನೇರಿ ಹೋದವರದು ಗುಳೆ, ವಿಮಾನವನ್ನೇರಿ ಹೋದವರದು ಉದ್ಯೋಗ ಎಂದು ಹೆಸರುಗಳನ್ನು ಬೇರೆಮಾಡಿದವರು ನಾವೇ ಸರಿ; ಆ ಮುದುಕಿಗೆ ಅಂತಹ ಭೇದವೇನೂ ತೋರಲಿಲ್ಲ.

ಈಗ ನಮ್ಮ ಕಡೆಯ ಮಕ್ಕಳೂ ಓದಿ, ಬೆಂಗಳೂರನ್ನು ಸೇರಿ, ಅಲ್ಲಿಂದ ಡಚ್ ಭಾಷೆಯನ್ನಾಡುವ ನಾಡುಗಳಿಗೆ ಹೋಗುತ್ತಿರುವುದು ವಿಶೇಷವಲ್ಲ. ಹಿಂದೆ ಉಳಿದ ತಾಯಿತಂದೆಗಳಿಗಾದರೋ ಆ ದೇಶದ ಹೆಸರನ್ನು ಉಚ್ಚರಿಸುವುದೇ ಕಷ್ಟವಾಗಿರುವುದು. ನಾವು ದಂಪತಿಗಳು ೨೦೨೪ರ ಸೆಪ್ಟೆಂಬರಿನಿಂದ ಡಿಸೆಂಬರಿನ ವರೆಗೆ ತೊಂಬತ್ತು ದಿನ ಅಲ್ಲಿದ್ದು ಬಂದೆವು. ಕಂಡುದನ್ನೂ ಕೇಳಿದುದನ್ನೂ ಮನೆಮಂದಿಯೆಲ್ಲ ಕುಳಿತು ಓದಿಕೊಳ್ಳುವಂತೆ ಬರೆದಿಡುವುದು ಉಪಯುಕ್ತವಾದೀತೆಂದು ಈ ಲೇಖನವನ್ನು ಕೈಕೊಂಡಿದ್ದೇವೆ.

ಮೊದಲು ಹೆಸರಿನ ಗೊಂದಲವನ್ನು ಕಳೆಯುವೆವು. ದೇಶದ ಹೆಸರು ನೆದರ್ಲೆಂಡ್ಸ್, ಎಂದರೆ ತಗ್ಗಿನ ನಾಡುಗಳು. ಹಾಲೆಂಡ್ ಎಂಬುದು ಅದರ ಪಶ್ಚಿಮಭಾಗದ ಎರಡು ಪ್ರಾಂತಗಳ ಹೆಸರು. ರೂಢಿಯಿಂದ ಇಡೀ ದೇಶಕ್ಕೆ ಸಲ್ಲುತ್ತದೆ. ಜನರೂ ಭಾಷೆಯೂ ಡಚ್. ನೆರೆಯ ಬೆಲ್ಜಿಯಂ ದೇಶದ ಉತ್ತರಭಾಗವಾದ ಫ್ಲಾಂಡರ್ಸಿನಲ್ಲಿಯೂ ಇದೇ ಭಾಷೆ ನಡೆಯುವುದು. ನಮ್ಮ ಅಳಿಯಂದಿರು ಕೆಲಸಮಾಡುವುದು ದಕ್ಷಿಣದ ಐಂಡ್‌ಹೋವನ್ ಪಟ್ಟಣದ ಮಗ್ಗುಲಿನಲ್ಲಿ. ವಿದ್ಯುದ್ದೀಪಗಳನ್ನು ಮಾಡಲೆಂದು ಫಿಲಿಪ್ಸ್ ಕಂಪನಿಯು ೧೮೯೧ರಲ್ಲಿ ಸ್ಥಾಪನೆಯಾದ ಪಟ್ಟಣವಿದು. ಪಕ್ಕದ ವೆಲ್ಡ್‌ಹೋವನ್‌ನಲ್ಲಿ, ಗಣಕಯಂತ್ರಗಳ ಚಿಪ್ಪುಗಳ ಮೇಲೆ ಅತಿಸೂಕ್ಷ್ಮ ರೇಖೆಗಳನ್ನು ಮೂಡಿಸುವ ಯಂತ್ರಗಳನ್ನು ನಿರ್ಮಿಸುವ ಎ.ಎಸ್.ಎಂ.ಎಲ್. ಎಂಬ, ೧೯೮೪ರಲ್ಲಿ ಹುಟ್ಟಿದ ಸಂಸ್ಥೆಯಿದೆ. ಕನ್ನಡದ ಮಾತು ಆ ಪಟ್ಟಣದ ಪೇಟೆಯಲ್ಲಿ ಕಿವಿಗೆ ಬೀಳುವುದಕ್ಕೆ ಇಂತಹ ಕಾರ್ಖಾನೆಗಳೇ ಕಾರಣ.

ಡಚ್ಚರೆಂದರೆ ನಮ್ಮ ಸೀಮೆಗೆ ತೀರ ಅಪರಿಚಿತರೆಂದು ತಿಳಿಯಬಾರದು. ಹಾರ್ಲೆಮ್ ಪಟ್ಟಣದಲ್ಲಿ ಹುಟ್ಟಿದ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರನು ಪ್ರಾಗ್ ನಗರದಲ್ಲಿ ಎರಡನೆಯ ರುಡಾಲ್ಫ್ ಚಕ್ರವರ್ತಿಯ ಆಶ್ರಯದಲ್ಲಿದ್ದು, ತರುವಾಯ ಪೂರ್ವದಿಕ್ಕಿಗೆ ಹೊರಟು, ೧೬೧೦ರ ಸುಮಾರಿಗೆ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನ ಆಸ್ಥಾನವನ್ನು ಸೇರಿದನು. ಸಂಗೀತ ಚಿತ್ರಗಳಲ್ಲಿ ಮಹಾರಸಿಕನಾದ ಆ ಸುಲ್ತಾನನು ಪರದೇಶದವನಿಗೆ ಅನ್ನವನ್ನೂ ಮಾನವನ್ನೂ ಕೊಟ್ಟನು. ಹೇಡಾನು ತನ್ನ ಊರಿಗೆ ಮರಳಲಿಲ್ಲ. ವಿಜಾಪುರದ ಬಳಿಯ ನವರಸಪುರದಲ್ಲಿದ್ದು ೧೬೨೨ರಲ್ಲಿ ತೀರಿಕೊಂಡನು. ಹಾರ್ಲೆಮಿನಲ್ಲಿ ಅವನ ಹಾದಿಯನ್ನು ಕಾಯುತ್ತ ಕುಳಿತ ಮುದುಕರು ಯಾರಾದರೂ ಇದ್ದರೋ ಏನೋ! ಚರಿತ್ರೆಯನ್ನು ಬರೆಯುವವರು ಅಂಥವರ ಸುದ್ದಿಗೆ ಹೋಗುವುದಿಲ್ಲ. ನಮಗಂತೂ ಮಗಳು ಹೋದ ಮೇಲೆ ಆ ವಿಚಾರವು ಪದೇಪದೇ ಮನಸ್ಸಿಗೆ ಬಂದಿತು. ನಮ್ಮ ಸುರಪುರದಲ್ಲಿ ೧೮೪೧ರಿಂದ ೧೮೫೩ರ ವರೆಗೆ ಆಡಳಿತ ನಡೆಸಿದ ಮೆಡೋಸ್ ಟೇಲರ್ ಸಾಹೇಬರ ಬಂಗಲೆಯನ್ನು ಈಗಲೂ ಟೇಲರ್ ಮಂಜಿಲ್ ಎಂದು ತೋರಿಸುವರು. ಅವರು ಹದಿನೈದು ವರ್ಷದ ಹುಡುಗರಾಗಿ ೧೮೨೪ರಲ್ಲಿ ಹಡಗಿನಿಂದಿಳಿದವರು. ಪರದೇಶದವರು ನಮ್ಮಲ್ಲಿಗೆ ಬಂದು ನೆಲೆಸಿದ ಕಥೆಗಳು ನಮಗೆ ಬಾಯಿಪಾಠ. ನಮ್ಮವರು ಹೋಗಿ ನೆಲೆಸುವ ಕಥೆಯನ್ನು ಮಾತ್ರ ಇನ್ನೂ ಓದಲು ಕಲಿಯಬೇಕಾಗಿದೆ.

ತಿಂಥಣಿಯು ಕೃಷ್ಣೆಯ ದಂಡೆಯ ಮೇಲಿನ ಊರೆಂಬುದೂ, ಹೊಳೆಯ ತಡಿಯಲ್ಲಿ ಮೌನೇಶ್ವರರ ಗುಡಿಯಿರುವುದೂ, ಹಿಂದೂ ಮುಸಲ್ಮಾನರಿಬ್ಬರೂ ಅಲ್ಲಿ ನಡೆದುಕೊಳ್ಳುವುದೂ ವಾಚಕರಲ್ಲಿ ಅನೇಕರಿಗೆ ಗೊತ್ತಿದ್ದೀತು. ಹೊಳೆಯೆಂದರೇನೆಂಬುದು ನಮಗೆ ಗೊತ್ತು. ೨೦೦೯ರಲ್ಲಿಯೂ ೨೦೧೯ರಲ್ಲಿಯೂ ಕೃಷ್ಣೆಯು ದಂಡೆಯ ಹೊಲಗಳ ಮೇಲೆ ಹರಿದುದನ್ನು ಕಂಡವರು ನಾವು. ಮೇಲ್ಗಡೆ ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಡುವರೆಂಬ ಸುದ್ದಿ ಬಂದೊಡನೆ ದನಕರುಗಳನ್ನು ಏರಿನ ಮೇಲೆ ಹೊಡೆದು, ಪಂಪನ್ನು ಎತ್ತಿಟ್ಟು, ಉಳಿದುದನ್ನು ಮೌನಪ್ಪಯ್ಯನಿಗೆ ಒಪ್ಪಿಸಿ ಕುಳಿತುಕೊಳ್ಳುವುದು ನಮ್ಮ ಪದ್ಧತಿ. ಆದಕಾರಣ ಡಚ್ಚರ ನಾಡಿನ ಸಂಗತಿಗಳಲ್ಲಿ ನಮ್ಮ ಲಕ್ಷ್ಯವನ್ನು ಎಲ್ಲಕ್ಕಿಂತ ಮೊದಲು ಸೆಳೆದುದು ಅವರ ನೀರಿನ ವ್ಯವಸ್ಥೆಯೇ.

ಆ ದೇಶದ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚಿನ ನೆಲವು ಸಮುದ್ರದ ಮಟ್ಟಕ್ಕಿಂತ ಕೆಳಗಿದೆ. ಒಂದೆಡೆಯಲ್ಲಿ ನೆಲದ ತಗ್ಗು ೬ ಮೀಟರಿಗೂ ಮಿಕ್ಕಿರುವುದು. ಅಳಿಯಂದಿರು ಒಂದು ಭಾನುವಾರ ಕರೆದೊಯ್ದು ತೋರಿಸಿದರು: ಒಡ್ಡಿನ ಆಚೆ ಕಾಲುವೆಯಲ್ಲಿ ದೋಣಿ ತೇಲುತ್ತಿರಲು, ಈಚೆ ಅದಕ್ಕಿಂತ ಕೆಳಗೆ ಹಸುಗಳು ಮೇಯುತ್ತಿದ್ದವು. ಮೊಮ್ಮಗನು, "ಮುತ್ಯಾ, ಇಲ್ಲಿ ಹೊಳಿ ಮ್ಯಾಲದ, ಊರು ಕೆಳಗದ!" ಎಂದು ಕುಣಿದನು. ಆ ನೆಲವನ್ನು ಒಣಗಿಸಿ ಇಟ್ಟುಕೊಳ್ಳುವುದೇ ಒಂದು ನಿತ್ಯವ್ರತ. ೧೯೫೩ರ ಫೆಬ್ರವರಿ ೧ರಂದು ಬಿರುಗಾಳಿಗೆ ಸಮುದ್ರವು ಒಡ್ಡುಗಳನ್ನೊಡೆದು ನುಗ್ಗಲು ೧೮೩೬ ಮಂದಿ ಮಡಿದರು. ತದನಂತರ ದಶಕಗಳ ಕಾಲ ದುಡಿದು ಕಡಲಿನ ಮುಖಗಳಿಗೆ ಕಟ್ಟೆಗಳನ್ನೂ ಬಾಗಿಲುಗಳನ್ನೂ ಕಟ್ಟಿದರು. ೧೯೯೫ರಲ್ಲಿ ನದಿಗಳುಕ್ಕಿದಾಗ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆಗಳಿಂದ ತೆರವುಮಾಡಿಸಿದರು. ಆಮೇಲೆ ಅವರಿಗೆ ಬಂದ ಬುದ್ಧಿಯು ಇನ್ನೂ ಸ್ವಾರಸ್ಯವಾದುದು: ಒಡ್ಡನ್ನು ಎತ್ತರಿಸುವುದೊಂದೇ ಸಾಲದು, ನದಿಗೆ ಹರಡಿಕೊಳ್ಳಲು ಸ್ಥಳವನ್ನೂ ಬಿಡಬೇಕೆಂದು ನಿಶ್ಚಯಿಸಿ, ನೈಮೆಖೆನ್ ಪಟ್ಟಣದೆದುರು ವಾಲ್ ನದಿಯ ಒಡ್ಡನ್ನು ಹಿಂದಕ್ಕೆ ಸರಿಸಿ ಕಟ್ಟಿದರು. ಅದಕ್ಕಾಗಿ ಕೆಲವು ಮನೆಗಳು ಹೋದವು. ಮುಳುಗಡೆಯೆಂಬ ಮಾತು ಕೃಷ್ಣಾತೀರದ ನಮ್ಮವರಿಗೆ ಮಾತ್ರ ಮೀಸಲಲ್ಲವೆಂಬುದು ಅಲ್ಲಿ ತಿಳಿಯಿತು.

ಈ ನೀರಿನ ಕಾರುಬಾರನ್ನು ನೋಡಿಕೊಳ್ಳಲು ಅಲ್ಲಿ ಸರಕಾರದಿಂದ ಬೇರೆಯಾದ ಜಲಮಂಡಲಿಗಳು ಇರುವವು. ಹದಿಮೂರನೆಯ ಶತಮಾನದಿಂದ ನಡೆದುಬಂದ ಸಂಪ್ರದಾಯವಿದು; ಈಗ ದೇಶದಲ್ಲಿ ಇಂತಹವು ೨೧. ಜನರೇ ಮತ ಕೊಟ್ಟು ಸದಸ್ಯರನ್ನು ಆರಿಸುವರು, ಮನೆಮನೆಯವರೂ ತೆರಿಗೆ ಕೊಡುವರು. ನಮ್ಮ ಮಗಳ ಮನೆಗೂ ಆ ತೆರಿಗೆಯ ಕಾಗದ ಬಂದಿತ್ತು. ಆ ಪಟ್ಟಣದ ಡೊಮ್ಮಲ್ ನದಿಯು ನಮ್ಮ ಹಳ್ಳಗಳಷ್ಟೇ ಅಗಲ. ಅದನ್ನು ಹೊಳೆಯೆನ್ನಲು ನಮ್ಮ ಗೃಹಿಣಿಯು ಕೊನೆಯವರೆಗೂ ಒಪ್ಪಲಿಲ್ಲ. ಅಷ್ಟು ನೀರಿಗೆ ಇಷ್ಟು ಲೆಕ್ಕವೇ ಎಂದು ನಾವು ನಕ್ಕಾಗ ಮಗಳು, "ಅಪ್ಪಾ, ಇಲ್ಲಿ ನೀರಿಗೆ ಹೆದರೂದು ಎಲ್ಲಾರೂ ಕೂಡಿ ಹೆದರ್ತಾರ" ಎಂದಳು. ಆ ಮಾತಿನಲ್ಲಿ ಆ ಜನರ ಅರ್ಧ ಸ್ವಭಾವವು ಅಡಗಿದೆಯೆಂದು ನಮಗೆ ತೋರಿತು.

ಇನ್ನು ನೆಲೆಗೊಳ್ಳುವ ಕ್ರಮ. ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಇರಲು ಹೋದವರು ಐದು ದಿನಗಳೊಳಗೆ ಪುರಸಭೆಯಲ್ಲಿ ಹೆಸರನ್ನು ಬರೆಯಿಸಬೇಕು. ಆಗ ದೊರೆಯುವ ಅಂಕಿಯಿಲ್ಲದೆ ಸಂಬಳವೂ ಬ್ಯಾಂಕೂ ವೈದ್ಯನೂ ಇಲ್ಲ. ಹೆಸರು ಬರೆಯಿಸಲು ಮನೆಯ ವಿಳಾಸ ಬೇಕು. ಮನೆಗಳೋ ದುರ್ಲಭ, ಬಾಡಿಗೆಯೋ ದುಬಾರಿ. ಜನನಪತ್ರಗಳೂ ವಿವಾಹಪತ್ರವೂ ಅಪೊಸ್ಟೀಲ್ ಎಂಬ ಸರಕಾರೀ ಮುದ್ರೆಯೊಂದಿಗೆ ಸಿದ್ಧವಾಗಿರಬೇಕು. ಹೋಗತಕ್ಕವರು ಇದನ್ನು ಇಲ್ಲಿಯೇ ಮಾಡಿಸಿಕೊಂಡು ಹೋಗುವುದು ಕ್ಷೇಮ. ನಮ್ಮ ಮಗಳ ವಿವಾಹಪತ್ರದಲ್ಲಿ ಒಂದಕ್ಷರದ ತಪ್ಪಿಗಾಗಿ ನಾವು ಇಲ್ಲಿಯ ಕಚೇರಿಯೊಂದಕ್ಕೆ ಏಳು ಸಲ ಅಲೆದೆವು. ನಾಲ್ಕು ತಿಂಗಳೊಳಗೆ ಆರೋಗ್ಯವಿಮೆಯನ್ನು ಮಾಡಿಸುವುದು ಕಡ್ಡಾಯ. ಹದಿನೆಂಟು ತುಂಬದ ಮಕ್ಕಳಿಗೆ ಅದರ ಹಣವಿಲ್ಲ. ದೊಡ್ಡವರು ಔಷಧ ಆಸ್ಪತ್ರೆಗಳ ವೆಚ್ಚದಲ್ಲಿ ಮೊದಲಿನದನ್ನು ತಾವೇ ಭರಿಸಬೇಕು. ನಾವಿದ್ದ ವರ್ಷ ಅದು ೩೮೫ ಯೂರೋ ಇತ್ತು.

ವೈದ್ಯರ ವಿಷಯದಲ್ಲಿ ನಮ್ಮವರಿಗೆ ಆಶ್ಚರ್ಯ ಕಾದಿದೆ. ಮನೆಮನೆಗೂ ಗೊತ್ತುಪಡಿಸಿದ ಒಬ್ಬ ವೈದ್ಯನಿರುವನು. ಅವನನ್ನು ದಾಟಿ ತಜ್ಞರ ಬಳಿಗೆ ಹೋಗುವಂತಿಲ್ಲ. ಮೊಮ್ಮಗನಿಗೆ ಜ್ವರ ಬಂದಾಗ ದೂರವಾಣಿಯಲ್ಲಿ ಮಾತನಾಡಿದವರು, ಮೂರು ದಿನ ಕಾಯಿರಿ, ಪ್ಯಾರಾಸಿಟಮಾಲ್ ಕೊಡಿರಿ ಎಂದರು. ನಮ್ಮ ಗೃಹಿಣಿಗೆ ಕೋಪ ಬಂದಿತು. ಸುರಪುರದಲ್ಲಾದರೆ ಹೋದ ತಾಸಿನೊಳಗೆ ಸೂಜಿ ಚುಚ್ಚಿ ಎರಡು ಬಣ್ಣದ ಗುಳಿಗೆಗಳನ್ನು ಕಟ್ಟಿಕೊಡುವರಷ್ಟೆ! ಮೂರನೆಯ ದಿನ ಜ್ವರ ತಾನೇ ಇಳಿಯಿತು. ಇದು ಮೆಣಸಿನ ಕಷಾಯದ ಗುಣವೆಂದು ಆಕೆಯೂ, ಕಾಲದ ಗುಣವೆಂದು ಅಳಿಯಂದಿರೂ ಈಗಲೂ ವಾದಿಸುವರು.

ಭಾಷೆಯ ವಿಷಯಕ್ಕೆ ಬರುವೆವು. ಸಂಸ್ಕೃತವನ್ನು ಕಲಿತು ಜೀವನವನ್ನೆಲ್ಲ ಶಬ್ದಗಳ ನಡುವೆ ಕಳೆದವರಿಗೆ ಆ ದೇಶವು ಒಂದು ಹಬ್ಬವೇ ಸರಿ. ನಾಮಕ್ಕೆ ಅವರು ನಾಮ್ ಎನ್ನುವರು, ಮಾತೃವಿಗೆ ಮೂದರ್, ಭ್ರಾತೃವಿಗೆ ಬ್ರೂದರ್, ದುಹಿತೃವಿಗೆ ದೊಖ್ತರ್, ವಿಧವೆಗೆ ವೇದುವೆ. ಇಂಗ್ಲಿಷೂ ಇದೇ ಬಳ್ಳಿಯ ಕಾಯಿಯೆಂಬುದನ್ನು ಬಲ್ಲೆವು. ಆದರೂ ಹೊಸ ನಾಡಿನಲ್ಲಿ ಹಳೆಯ ನೆಂಟರನ್ನು ಕಂಡಂತೆ ನಮಗೆ ಸಂತೋಷವಾಯಿತು. ಅಂಕಿಗಳ ಕ್ರಮವಂತೂ ನಮ್ಮನ್ನು ಬೆರಗುಗೊಳಿಸಿತು. ಕನ್ನಡದಲ್ಲಿ ಇಪ್ಪತ್ತರ ತರುವಾಯ ಐದು ಬರುವುದು. ಡಚ್ಚರು ಸಂಸ್ಕೃತದ ಪಂಚವಿಂಶತಿಯಂತೆಯೇ ಐದನ್ನು ಮುಂದಿಟ್ಟುಕೊಂಡು, ಐದು-ಮತ್ತು-ಇಪ್ಪತ್ತು ಎನ್ನುವರು. ಇದರಿಂದ ನಮ್ಮ ಅಳಿಯಂದಿರು ದೂರವಾಣಿಯಲ್ಲಿ ಹೇಳಿದ ಅಂಕಿಯನ್ನು ತಿರುವುಮುರುವಾಗಿ ಬರೆದುಕೊಂಡು, ೫೨ನೆಯ ಮನೆಗೆ ಹೋಗುವ ಬದಲು ೨೫ನೆಯ ಮನೆಯ ಬಾಗಿಲನ್ನು ಬಡಿದರಂತೆ. ಪಂಚವಿಂಶತಿಯನ್ನು ಶಾಲೆಯಲ್ಲಿ ನೆಟ್ಟಗೆ ಕಲಿತಿದ್ದರೆ ಹಾಗಾಗುತ್ತಿರಲಿಲ್ಲವೆಂದು ನಾವು ಹೇಳಿದೆವು, ಅವರು ಮಾತನಾಡಲಿಲ್ಲ.

ಒಂದು ಮುಂಜಾನೆ ತಿಂಡಿಯ ಮೇಜಿನ ಮೇಲಿದ್ದ ಶೀಸೆಯ ಮೇಲಿನ ಹೆಸರನ್ನು ಮೊಮ್ಮಗನು ಓದಿ ಹೇಳಿದನು: ಪಿಂಡಾಕಾಸ್. ನಾವು ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ಕೆಳಗಿಟ್ಟೆವು. ಬದುಕಿರುವವರ ಮುಂದೆ ಪಿಂಡವನ್ನಿಡುವ ದೇಶವಿದಾವುದೆಂದು ಕೇಳಲು ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಿಂಡಾ ಎಂದರೆ ಅವರಲ್ಲಿ ಶೇಂಗಾ. ಆಫ್ರಿಕದ ಭಾಷೆಯಿಂದ ಬಂದ ಶಬ್ದವಂತೆ. ಪಿತೃಗಳಿಗೂ ಅದಕ್ಕೂ ಸಂಬಂಧವಿಲ್ಲ. ಶೇಂಗಾವನ್ನು ನುಣ್ಣಗೆ ಅರೆದು ರೊಟ್ಟಿಗೆ ಸವರಿಕೊಳ್ಳುವ ಪದಾರ್ಥವದು. ನಮ್ಮ ಶೇಂಗಾ ಹಿಂಡಿಯ ಮುಂದೆ ಸಪ್ಪೆಯಾದರೂ ತಿನ್ನಬಹುದು.

ನಮ್ಮ ವಿದ್ಯೆಗೂ ಆ ದೇಶಕ್ಕೂ ಇರುವ ನಂಟು ಶಬ್ದಗಳಲ್ಲಿ ಮುಗಿಯುವುದಿಲ್ಲ. ಪುಲಿಕಾಟ್‌ನ ಡಚ್ ಕೋಠಿಯಲ್ಲಿ ಪಾದ್ರಿಯಾಗಿದ್ದ ಅಬ್ರಹಾಂ ರೊಜೇರಿಯಸ್ ಎಂಬವರು ಪದ್ಮನಾಭನೆಂಬ ಬ್ರಾಹ್ಮಣನ ನೆರವಿನಿಂದ ಭರ್ತೃಹರಿಯ ಸುಭಾಷಿತಗಳನ್ನು ತಮ್ಮ ಭಾಷೆಗೆ ತಿರುಗಿಸಿದರು. ಅವರು ಕಾಲವಾದ ಮೇಲೆ ೧೬೫೧ರಲ್ಲಿ ಅದು ಲೈಡನ್ ಪಟ್ಟಣದಲ್ಲಿ ಅಚ್ಚಾಯಿತು. ಅದೇ ಲೈಡನ್ನಿನಲ್ಲಿ, ಕಾಶಿಯಲ್ಲಿ ಪಾಠ ಹೇಳಿ ಮರಳಿದ ಹೆಂಡ್ರಿಕ್ ಕೆರ್ನರು ೧೮೬೫ರಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. ಆರ್ಯಭಟೀಯವನ್ನು ಸಂಶೋಧಿಸಿ ೧೮೭೪ರಲ್ಲಿ ಅಚ್ಚುಹಾಕಿಸಿದವರು ಅವರೇ. ಲೈಡನ್ನಿಗೆ ನಾವು ಹೋಗಿಬಂದೆವು. ಮಳೆ ಸುರಿಯುತ್ತಿತ್ತು, ಹೊರಗಿನಿಂದಲೇ ಕೈಮುಗಿದೆವು.

ಆದರೆ ಶಬ್ದಗಳ ಕುತೂಹಲ ಬೇರೆ, ಸಂಸಾರದ ಕಷ್ಟ ಬೇರೆ. ಡಚ್ಚರೆಲ್ಲರೂ ಇಂಗ್ಲಿಷನ್ನು ಬಲ್ಲರು. ನಮ್ಮವರು ಎರಡು ಡಚ್ ಮಾತು ಆಡುವಷ್ಟರಲ್ಲಿ ಅವರು ಸೌಜನ್ಯದಿಂದ ಇಂಗ್ಲಿಷಿಗೆ ತಿರುಗುವರು. ಇದೊಂದು ಮೋಸದ ಸೌಲಭ್ಯವೆಂದು ನಮ್ಮ ಅಭಿಪ್ರಾಯ. ಕಚೇರಿಯಲ್ಲಿ ದುಡಿಯುವವರಿಗೆ ಇದರಿಂದ ತೊಂದರೆಯಿಲ್ಲ. ಮನೆಯಲ್ಲಿ ಉಳಿದವರಿಗೆ ಇದೇ ಗೋಡೆಯಾಗುವುದು. ನಮ್ಮ ಮಗಳು ಇಲ್ಲಿ ಗಣಿತವನ್ನು ಕಲಿಸುತ್ತಿದ್ದವಳು. ಗಂಡನ ಪರವಾನಗಿಯ ಮೇಲೆ ಹೋದ ಹೆಂಡತಿಗೂ ಕೆಲಸಮಾಡುವ ಹಕ್ಕನ್ನು ಆ ಸರಕಾರವು ಕೊಟ್ಟಿದೆ. ಆದರೆ ಆ ದೇಶದ ಮಕ್ಕಳಿಗೆ ಪಾಠ ಹೇಳಲು ಆ ದೇಶದ ಭಾಷೆ ಬೇಡವೆ? ಮೊದಲ ಎರಡು ಚಳಿಗಾಲಗಳು ಅವಳಿಗೆ ಬಹಳ ಕಠಿಣವಾದವು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯೋದಯವಾಗುವುದು ಎಂಟೂಮುಕ್ಕಾಲಿಗೆ, ಅಸ್ತವಾಗುವುದು ನಾಲ್ಕೂವರೆಗೆ, ನಡುವೆಯೂ ಮೋಡ. ಅವಳು ದಿನಾಲು ಸಂಜೆ ನಮ್ಮೊಡನೆ ಮಾತನಾಡುತ್ತಿದ್ದಳು, ಚೆನ್ನಾಗಿದ್ದೇನೆಂದೇ ಹೇಳುತ್ತಿದ್ದಳು. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುವರಾದ್ದರಿಂದ ನಮಗೂ ಅವರಿಗೂ ಮೂರೂವರೆ ತಾಸಿನ ಅಂತರವಿದ್ದದ್ದು ನಾಲ್ಕೂವರೆಯಾಗುವುದು. ಆ ಒಂದು ತಾಸಿನ ವ್ಯತ್ಯಾಸದಲ್ಲಿ ನಾವು ನಿದ್ದೆಹೋಗಿಬಿಡುತ್ತಿದ್ದೆವು. ಅವಳು ಕರೆಯುತ್ತಿದ್ದಳು, ನಾವು ಎತ್ತುತ್ತಿರಲಿಲ್ಲ. ಆ ದಿನಗಳಲ್ಲಿ ಅವಳು ಅಡುಗೆಮನೆಯಲ್ಲಿ ಕುಳಿತು ಅಳುತ್ತಿದ್ದಳೆಂಬುದು ನಮಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ, ಅದೂ ಅಳಿಯಂದಿರ ಬಾಯಿಂದ.

ಮೂರನೆಯ ವರ್ಷ ಅವಳು ಗ್ರಂಥಾಲಯದಲ್ಲಿ ನಡೆಯುವ ಭಾಷಾಕೂಟಕ್ಕೆ ಹೋಗತೊಡಗಿದಳು. ವೃದ್ಧರಾದ ಡಚ್ ಸ್ತ್ರೀಪುರುಷರು ಕಾಫಿಯನ್ನು ಮುಂದಿಟ್ಟುಕೊಂಡು ಪರದೇಶದವರೊಡನೆ ಪುಕ್ಕಟೆಯಾಗಿ ಮಾತನಾಡುವ ಕೂಟವದು. ಅಲ್ಲಿಯೊಬ್ಬ ಮುದುಕಿಯೊಡನೆ, ಇಂಗ್ಲಿಷಿನಲ್ಲಿ ನನಗೆ ಉತ್ತರ ಕೊಡಬೇಡಿರೆಂದು ಅವಳು ಕರಾರು ಮಾಡಿಕೊಂಡಳಂತೆ. ಒಂದೂವರೆ ವರ್ಷದಲ್ಲಿ ಪರೀಕ್ಷೆಯೊಂದನ್ನು ದಾಟಿ, ಈಗ ಒಂದು ಪ್ರಾಥಮಿಕ ಶಾಲೆಯಲ್ಲಿ ಸಹಾಯಕಿಯಾಗಿದ್ದಾಳೆ. ಸಂಬಳ ಸ್ವಲ್ಪ, ಮುಖದ ಕಳೆ ಬೇರೆಯೇ ಆಗಿದೆ. ಹೋಗುವ ಹೆಣ್ಣುಮಕ್ಕಳಿಗೆ ನಾವು ಹೇಳುವುದಿಷ್ಟೆ: ಮೊದಲ ತಿಂಗಳಿನಿಂದಲೇ ಭಾಷೆಯನ್ನು ಹಿಡಿಯಿರಿ. ನಮ್ಮ ಮಗಳು ಎರಡು ವರ್ಷ ಕಳೆದುಕೊಂಡಳು.

ನಡೆನುಡಿಗಳ ವಿಷಯದಲ್ಲಿ ಒಂದೆರಡು ಮಾತು. ನಮ್ಮಂತೆ ಹೇಳದೆ ಕೇಳದೆ ಒಬ್ಬರ ಮನೆಗೆ ಹೋಗುವ ಪದ್ಧತಿ ಅಲ್ಲಿಲ್ಲ. ಸಂಜೆ ಆರರ ಸುಮಾರಿಗೆ ಅವರ ಊಟದ ಹೊತ್ತು. ನಾವು ಇದನ್ನರಿಯದೆ ದೀಪಾವಳಿಯ ದಿನ ಕರ್ಚಿಕಾಯಿಯ ಡಬ್ಬವನ್ನು ಹಿಡಿದು ಆ ಹೊತ್ತಿಗೇ ನೆರೆಮನೆಯ ಬಾಗಿಲಿನಲ್ಲಿ ನಿಂತೆವು. ಮನೆಯ ಯಜಮಾನನು ನಗುಮುಖದಿಂದ ಡಬ್ಬವನ್ನು ತೆಗೆದುಕೊಂಡು, ಬಾಗಿಲಿನಲ್ಲಿಯೇ ವಂದನೆ ಹೇಳಿ, "ಇನ್ನೆಷ್ಟು ದಿನ ಇರುವಿರಿ?" ಎಂದು ಕೇಳಿದನು. ನಮಗೆ ಮನಸ್ಸು ಮುದುಡಿತು. ಎರಡು ದಿನಗಳ ಮೇಲೆ ಚೀಟಿಯೊಂದು ಬಂದಿತು: ಒಂಬತ್ತನೆಯ ತಾರೀಖು ಶನಿವಾರ ಮೂರು ಗಂಟೆಗೆ ಕಾಫಿಗೆ ಬರಬೇಕು. ಎಷ್ಟು ದಿನ ಇರುವಿರೆಂದು ಕೇಳಿದ್ದು ಅದಕ್ಕಾಗಿ! ಆ ಶನಿವಾರ ಎರಡು ತಾಸು ಕುಳಿತು, ೧೯೫೩ರ ಪ್ರವಾಹದಲ್ಲಿ ತನ್ನ ತಂದೆಯು ಮಾಳಿಗೆಯನ್ನೇರಿ ಉಳಿದ ಕಥೆಯನ್ನು ಅವನು ಹೇಳಿದನು, ನಾವು ಕೃಷ್ಣೆಯ ಕಥೆಯನ್ನು ಹೇಳಿದೆವು, ಮಗಳು ದುಭಾಷಿಯಾದಳು. ಡಿಸೆಂಬರಿನಲ್ಲಿ ಸಿಂಟರ್‌ಕ್ಲಾಸ್ ಎಂಬ ಸಂತನ ಹಬ್ಬಕ್ಕೆ ಮಕ್ಕಳು ರಾತ್ರಿ ತಮ್ಮ ಬೂಟನ್ನು ಒಲೆಯ ಬಳಿ ಇಡುವರು, ಬೆಳಗಾಗುವಷ್ಟರಲ್ಲಿ ಅದರಲ್ಲಿ ಮಿಠಾಯಿ ಇರುವುದು. ಕೆರದೊಳಗೆ ತಿನ್ನುವ ಪದಾರ್ಥವನ್ನಿಟ್ಟದ್ದನ್ನು ಕಂಡು ನಮ್ಮ ಗೃಹಿಣಿಯು ಮೊಮ್ಮಗನ ಕೈಯನ್ನು ಮೂರು ಸಲ ತೊಳೆಯಿಸಿದಳು.

ಮೊಮ್ಮಗನ ಶಾಲೆಯಿಂದ ನಮ್ಮ ಮನೆಯಲ್ಲಿ ಒಂದು ಸಣ್ಣ ಕಲಹವೇ ಆಯಿತು. ಅಲ್ಲಿ ಮಕ್ಕಳು ನಾಲ್ಕನೆಯ ವಯಸ್ಸಿಗೆ ಶಾಲೆಗೆ ಹೋಗುವರು, ಐದಕ್ಕೆ ಕಡ್ಡಾಯ. ಹುಡುಗನು ಹುಷಾರಾಗಿ ಬೆಳೆದರೆ ಮೌನೇಶ್ವರರ ಜಾತ್ರೆಗೆ ಕರೆತರುವೆನೆಂದು ನಮ್ಮ ಗೃಹಿಣಿಯ ಹರಕೆಯಿತ್ತು. ಜಾತ್ರೆಯ ತಿಥಿಯು ಆ ದೇಶದ ಶಾಲೆಯ ರಜೆಯನ್ನು ನೋಡಿ ಬರುವುದೆ? ಶಾಲೆ ನಡೆಯುವಾಗ ಅಪ್ಪಣೆಯಿಲ್ಲದೆ ಮಗುವನ್ನು ಊರಿಗೆ ಕರೆದೊಯ್ದರೆ ತಾಯಿತಂದೆಗಳಿಗೆ ದಂಡ; ಅದನ್ನು ನೋಡಲು ಬೇರೆ ಅಧಿಕಾರಿಯೇ ಇರುವನು. ದೇವರ ಕಾರ್ಯಕ್ಕೂ ದಂಡವೇ ಎಂದು ಆಕೆ ಸಿಟ್ಟಾದಳು. ಹಾಜರಿಪುಸ್ತಕದ ಬರಿಯ ಮನೆಗಳನ್ನು ಮೂವತ್ತು ವರ್ಷ ಎಣಿಸಿದ ನಾವು ಮಾತ್ರ ಮನಸ್ಸಿನಲ್ಲಿಯೇ ಆ ಅಧಿಕಾರಿಗೆ ನಮಸ್ಕಾರ ಮಾಡಿದೆವು. ಅಂಥವನೊಬ್ಬನು ಸುರಪುರ ತಾಲ್ಲೂಕಿನಲ್ಲಿದ್ದು, ದಂಡವನ್ನು ಹಾಕುವ ಬದಲು ಗುಳೆ ಹೋಗುವವರ ಮಕ್ಕಳಿಗೆ ಇರಲೊಂದು ಜಾಗವನ್ನೂ ಊಟವನ್ನೂ ಕಲ್ಪಿಸಿದ್ದರೆ! ಮಾತು ಬೇರೆಡೆಗೆ ಹೋಯಿತು.

ಈಗ ಮುಖ್ಯವಾದ ಸಂಗತಿ. ಹೇಗ್ ಪಟ್ಟಣದಲ್ಲಿ ಜೋಳದ ಹಿಟ್ಟು ಸಿಗುವುದೆಂದು ಕೇಳಿ ಅಲ್ಲಿಗೊಂದು ದಿನ ಹೋದೆವು. ಅಂಗಡಿಯವನು ನಮ್ಮ ಬಣ್ಣದ ಮುದುಕನು; ಹಿಂದಿಯನ್ನು ಹೋಲುವ, ಆದರೆ ಹಿಂದಿಯಲ್ಲದ ಭಾಷೆಯಲ್ಲಿ ಮಾತನಾಡಿಸಿದನು. ಅವನು ಸುರಿನಾಮಿನ ಹಿಂದೂಸ್ತಾನಿ. ದಕ್ಷಿಣ ಅಮೆರಿಕದ ಸುರಿನಾಮ್ ಆಗ ಡಚ್ಚರ ವಸಾಹತು. ಕಲ್ಕತ್ತೆಯಿಂದ ಹೊರಟ ಲಾಲಾ ರೂಖ್ ಎಂಬ ಹಡಗು ೧೮೭೩ರ ಜೂನ್ ೫ರಂದು ಮೊದಲನೆಯ ಕೂಲಿಗಳನ್ನು ಅಲ್ಲಿ ಇಳಿಸಿತು. ೧೯೧೬ರ ವರೆಗೆ ಹೀಗೆ ೩೪,೦೦೦ಕ್ಕೂ ಹೆಚ್ಚು ಜನ ಹೋದರು. ಹೆಚ್ಚಿನವರು ಈಗಿನ ಉತ್ತರಪ್ರದೇಶ ಬಿಹಾರಗಳವರು. ಕರಾರು ಐದು ವರ್ಷದ್ದು. ಐದು ವರ್ಷ ತೀರಿದ ಮೇಲೆ ಪುಕ್ಕಟೆಯಾಗಿ ಮರಳಬಹುದಾಗಿತ್ತು. ೧೮೯೫ರಿಂದ, ಮರಳುವ ಹಕ್ಕನ್ನು ಬಿಟ್ಟುಕೊಟ್ಟವರಿಗೆ ೧೦೦ ಗಿಲ್ಡರ್ ಹಣವೂ ಸಾಗುವಳಿಗೆ ನೆಲವೂ ದೊರೆಯುತ್ತಿತ್ತು. ಸುಮಾರು ಮೂರನೆಯ ಒಂದು ಪಾಲಿನವರು ಮರಳಿದರು, ಉಳಿದವರು ಅಲ್ಲಿಯವರಾದರು. ೧೯೭೫ರಲ್ಲಿ ಸುರಿನಾಮ್ ಸ್ವತಂತ್ರವಾದಾಗ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಬಹಳ ಮಂದಿ ಮತ್ತೊಮ್ಮೆ ಗಂಟುಕಟ್ಟಿ ನೆದರ್ಲೆಂಡ್ಸಿಗೆ ಬಂದರು. ಅಂಗಡಿಯ ಮುದುಕನು ತನ್ನ ಅಜ್ಜನ ತಂದೆಯ ಊರಿನ ಹೆಸರನ್ನು ಹೇಳಿ, ಅದು ನಿಮಗೆ ಗೊತ್ತೇ ಎಂದು ಕೇಳಿದನು. ನಮಗೆ ಗೊತ್ತಿರಲಿಲ್ಲ. ಹಿಟ್ಟಿನ ಚೀಲದೊಡನೆ ಒಂದು ಹಿಡಿ ಹುರಿಗಡಲೆಯನ್ನು ಹಣವಿಲ್ಲದೆ ಕಟ್ಟಿಕೊಟ್ಟನು.

ರೈಲಿನಲ್ಲಿ ಮರಳುವಾಗ ಮಗಳು ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: "ಅಪ್ಪಾ, ನಮಗೂ ಐದು ವರ್ಷ ಆಗ್ತಾವ. ಏನ್ ಮಾಡಬೇಕು?" ಸಂಗತಿ ಏನೆಂದರೆ, ಅವರು ಹೋದಾಗಿನ ನಿಯಮದಂತೆ ಐದು ವರ್ಷ ನೆಲೆಸಿ, ಭಾಷೆಯ ಮತ್ತು ಲೋಕರೂಢಿಯ ಪರೀಕ್ಷೆಗಳಲ್ಲಿ ತೇರ್ಗಡೆಯಾದವರು ಅಲ್ಲಿಯ ಪೌರತ್ವವನ್ನು ಕೇಳಬಹುದು. ಅವಧಿಯನ್ನು ಹೆಚ್ಚಿಸಬೇಕೆಂಬ ಮಾತೂ ಅಲ್ಲಿಯ ರಾಜಕಾರಣದಲ್ಲಿ ನಡೆದಿದೆ. ನಮ್ಮ ದೇಶವಾದರೋ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಅಲ್ಲಿಯವರಾದರೆ ಇಲ್ಲಿಯ ರಹದಾರಿಯನ್ನು ಒಪ್ಪಿಸಬೇಕು. ಪ್ರತಿಯಾಗಿ ಸಾಗರೋತ್ತರ ಭಾರತೀಯರೆಂಬ ಪತ್ರವು ದೊರೆಯುವುದು. ಅದರಿಂದ ಬಂದುಹೋಗಬಹುದು, ಮತ ಕೊಡಲಾಗದು. ಬೇಸಾಯದ ಭೂಮಿಯನ್ನು ಕೊಳ್ಳಲಾಗದು. ತಂದೆತಾಯಿಗಳಿಂದ ಬಂದುದನ್ನು ಹೊಂದಬಹುದು. ನಮ್ಮ ನಾಲ್ಕು ಎಕರೆಯ ವಿಚಾರವನ್ನು ಅಳಿಯಂದಿರು ಮೊದಲೇ ವಕೀಲರಲ್ಲಿ ಕೇಳಿಯಾಗಿತ್ತು, ನಮ್ಮನ್ನು ಕೇಳಿರಲಿಲ್ಲ. ಅದಕ್ಕಾಗಿ ನಮಗೆ ಒಂದು ದಿನ ಬೇಸರವಾಯಿತು.

ಮುದುಕರ ಪಾಲಿಗೆ ಕಠಿಣವಾದ ನಿಯಮ ಇನ್ನೊಂದಿದೆ. ಮಕ್ಕಳು ಅಲ್ಲಿ ನೆಲೆಸಿದರೂ ತಂದೆತಾಯಿಗಳು ಅವರೊಡನೆ ಶಾಶ್ವತವಾಗಿ ಇರಲು ಸಾಮಾನ್ಯವಾಗಿ ಅನುಮತಿಯಿಲ್ಲ. ಪ್ರತಿ ನೂರೆಂಬತ್ತು ದಿನಗಳಲ್ಲಿ ತೊಂಬತ್ತು ದಿನ ಅತಿಥಿಗಳಾಗಿ ಇರಬಹುದು. ಅದಕ್ಕೂ ೩೦,೦೦೦ ಯೂರೋಗಳಿಗೆ ಕಡಮೆಯಿಲ್ಲದ ಪ್ರಯಾಣವಿಮೆ ಬೇಕು. ಆದುದರಿಂದ ಮಗಳು ಅಲ್ಲಿಯವಳಾಗುವಳೆಂದರೆ, ನಮ್ಮ ಕೊನೆಗಾಲದಲ್ಲಿ ಅವಳು ನಮ್ಮ ಬಳಿ ಇರುವುದಿಲ್ಲ, ನಾವೂ ಅವಳ ಬಳಿ ಇರುವುದಿಲ್ಲ ಎಂದೇ ಅರ್ಥ. ಇದನ್ನು ಬರೆಯಲು ನಮಗೆ ಕೈ ನಡುಗದೆ ಇಲ್ಲ.

ರೈಲಿನಲ್ಲಿ ನಾವು ಉತ್ತರ ಕೊಡಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಡೊಮ್ಮಲ್ ನದಿಯ ದಂಡೆಯಲ್ಲಿ ನಡೆಯುವಾಗ ಹೇಳಿದೆವು: ನಮ್ಮ ಸಲುವಾಗಿ ನಿಶ್ಚಯಿಸಬೇಡ. ನಮಗಾಗಿ ಮರಳಿದರೆ, ನಾವು ಹೋದ ಮರುದಿನ ನಿನಗೆ ಅಲ್ಲಿರಲು ಕಾರಣವೇ ಉಳಿಯುವುದಿಲ್ಲ. ಹುಡುಗನಿಗೆ ಹನ್ನೆರಡಾಗುವುದಕ್ಕೆ ಮೊದಲು ನಿಶ್ಚಯಿಸು; ಏಕೆಂದರೆ ಅಲ್ಲಿ ಆ ವಯಸ್ಸಿಗೇ ಮಕ್ಕಳನ್ನು ಯೋಗ್ಯತೆಗೆ ತಕ್ಕಂತೆ ಬೇರೆಬೇರೆ ಶಾಲೆಗಳಿಗೆ ಕಳುಹಿಸುವರು, ಆಮೇಲೆ ಬೇರು ಕಿತ್ತರೆ ಎರಡೂ ಕಡೆ ಹತ್ತುವುದಿಲ್ಲ. ಐದು ವರ್ಷವೆಂದು ಹತ್ತು, ಹತ್ತೆಂದು ಇಪ್ಪತ್ತು ಮಾಡಿ, ಪೆಟ್ಟಿಗೆಯನ್ನು ಬಿಚ್ಚದೆ ಬದುಕುವುದು ಬೇಡ. ಮಗನ ಬಾಯಲ್ಲಿ ಕನ್ನಡವಿರಲಿ. ಅದಕ್ಕೆ ಯಾವ ಸರಕಾರದ ಪರವಾನಗಿಯೂ ಬೇಕಿಲ್ಲ. ಅವಳು ಏನೂ ಹೇಳಲಿಲ್ಲ. ಗೃಹಿಣಿಗೆ ಈ ಉತ್ತರವು ಒಪ್ಪಿಗೆಯಾಗಲಿಲ್ಲ. ಮರಳಿ ಬಾ ಎಂದು ಒಂದು ಮಾತು ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಆಕೆ ಈಗಲೂ ಕೇಳುವುದುಂಟು.

ಮಗಳು ಉಳಿದ ಪರೀಕ್ಷೆಗೆ ಹೆಸರು ಕೊಟ್ಟಿದ್ದಾಳೆಂದು ಕಳೆದ ತಿಂಗಳು ತಿಳಿಯಿತು. ಮುಂದಿನ ಮಾತನ್ನು ಅವಳು ಬರೆದಿಲ್ಲ, ನಾವು ಕೇಳಿಲ್ಲ. ಅಲ್ಲಿಯ ಶಾಲೆಗಳಿಗೆ ಬೇಸಗೆಯಲ್ಲಿ ಆರು ವಾರ ರಜೆ. ದೇಶವನ್ನು ಮೂರು ಭಾಗ ಮಾಡಿ ಭಾಗಕ್ಕೊಂದು ತಾರೀಖಿನಂತೆ ಬಿಡುವರಾದ್ದರಿಂದ, ತಮ್ಮ ಭಾಗದ ತಾರೀಖನ್ನು ಬರೆದು ಕಳುಹಿಸಿದ್ದಾಳೆ. ಗೃಹಿಣಿಯು ಪೂಜಾರಿಯನ್ನು ಕಂಡು, ಜಾತ್ರೆಯ ಹರಕೆಯನ್ನು ಆಷಾಢದಲ್ಲಿ ತೀರಿಸಬಹುದೇ ಎಂದು ಕೇಳಿಬಂದಿದ್ದಾಳೆ. ತೀರಿಸಬಹುದಂತೆ. ಹೊಳೆಗೆ ನೀರು ಬಿಟ್ಟಿದ್ದರೆ ಹುಡುಗನನ್ನು ದಂಡೆಗೆ ಬಿಡಬಾರದೆಂದು ಮಾತ್ರ ಹೇಳಿದನಂತೆ.